ಕಾಫಿಗೆ ಬಂದ ಬೆನ್ನು

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಏನೂ ಇಲ್ಲ ಎಂದು ತಿಳಿದ ದಿನ ಮಲ್ಲೇಶ್ ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಮೈಸೂರ್‌ಪಾಕ್ ಕಟ್ಟಿಸಿಕೊಂಡ. ಅವನ ಹೆಂಡತಿ ಸರ್ವಮಂಗಳಾ ಬೇಕರಿಯ ಹೊರಗಿನ ಬೆಂಚಿನಲ್ಲಿ ಕೂತು ಅತ್ತಳು. ಹೌದು, ಅತ್ತಳು! ಗೆಡ್ಡೆ ಇಲ್ಲ, ಡಿಸ್ಕ್ ಜಾರಿಲ್ಲ, ನರ ಒತ್ತಿಲ್ಲ, ಮೂಳೆ ಸವೆದದ್ದೂ ವಯಸ್ಸಿಗೆ ತಕ್ಕಷ್ಟೇ ಎಂದು ದೊಡ್ಡ ಡಾಕ್ಟರೇ ಬಾಯಿಬಿಟ್ಟು ಹೇಳಿದ ಮೇಲೆ ಯಾವ ಹೆಂಗಸು ಅಳುತ್ತಾಳೆ ಹೇಳಿ? ಇವಳು ಅತ್ತಳು. ಸೊಂಟದ ಮೇಲೆ, ಬೆನ್ನಿನ ಎಡಗಡೆ, ಮೂರು ವರ್ಷದಿಂದ ಹಗಲೂ ರಾತ್ರಿ ಉರಿಯುತ್ತಿದ್ದ ಜಾಗವೊಂದಿತ್ತಲ್ಲ, ಅದರ ಒಂದು ಫೋಟೋವಾದರೂ ಸಿಗಬಹುದು ಎಂದು ಆಸೆಪಟ್ಟು ಬಂದಿದ್ದಳು. ಕೂದಲೆಳೆಯಷ್ಟು ಬಿರುಕು ಕಂಡಿದ್ದರೂ ಸಾಕಿತ್ತು. "ನೋಡಿ, ಇದೇ" ಎಂದು ನಾಲ್ಕು ಜನರಿಗೆ ತೋರಿಸಬಹುದಿತ್ತು.

"ಎಂತಕ್ಕೆ ಅಳ್ತೀಯ ಮಾರಾಯ್ತಿ? ಏನೂ ಇಲ್ಲ ಅಂದ್ರಲ್ಲ!" ಎಂದ ಮಲ್ಲೇಶ್.

"ಅದಕ್ಕೇ ಅಳ್ತಿರೋದು" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವನು ಕೆಟ್ಟವನಲ್ಲ, ಪಾಪ. ಮೂಡಿಗೆರೆ ಪೇಟೆಯಲ್ಲಿ ಪೈಪು, ಪಂಪು, ಸ್ಪ್ರೇಯರ್ ಮಾರುವ ಅಂಗಡಿ ಇಟ್ಟುಕೊಂಡವನು; ಊರಾಚೆ ಒಂದಿಷ್ಟು ಕಾಫಿ ತೋಟ, ತೋಟದಲ್ಲೇ ಮನೆ. ಕೆಟ್ಟ ಪಂಪನ್ನು ಬಿಚ್ಚಿದರೆ ಒಳಗೆ ಏನಾದರೊಂದು ಸವೆದಿರಲೇಬೇಕು, ಸವೆದಿಲ್ಲದಿದ್ದರೆ ಪಂಪು ಸರಿ ಇದೆ ಎಂದೇ ಲೆಕ್ಕ. ಬಸ್ಸಿನಲ್ಲಿ ಮೈಸೂರ್‌ಪಾಕಿನ ತುಂಡೊಂದನ್ನು ಮುರಿದು ಅವಳ ಕೈಗಿಟ್ಟು, ಬೇಲೂರು ದಾಟುವ ತನಕ ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಅದೇ ಸಂತೋಷ ಹಂಚಿದ. "ಏನೂ ಇಲ್ವಂತೆ. ಹೂಂ, ಏನೇನೂ ಇಲ್ವಂತೆ." ರಸ್ತೆಯ ಉಬ್ಬುಗಳಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ಆ ಏನೂ ಇಲ್ಲದ ಜಾಗ ಸರ್ವಮಂಗಳೆಯ ಜೀವ ಹಿಂಡುತ್ತಿತ್ತು. ಮಾರನೇ ದಿನ ಹಾಲಿಗೆ ಬಂದ ಪಕ್ಕದ ಮನೆಯವಳೂ "ಏನೂ ಇಲ್ವಂತಲ್ಲಕ್ಕ" ಎಂದಳು. ಹೇಳುವ ರಾಗದಲ್ಲೇ ಗೊತ್ತಾಗುತ್ತದಲ್ಲ, ಆ ಮಾತಿನ ಅರ್ಥ ಏನೆಂದು.

ಈ ನೋವು ಅಂಟಿಕೊಂಡದ್ದು ಮೂರು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ. ಅವತ್ತು ಭಾವನ ಮನೆಯವರೆಲ್ಲ ತೋಟದ ಮನೆಗೆ ಬಂದಿದ್ದರು. ಭಾವನ ಮೊಮ್ಮಗ ತನ್ಮಯ್ ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ, ಎತ್ತಿದರೆ ಕೈ ಜಗ್ಗುವಂಥ ಗುಂಡು ಮಗು. ಮಳೆ ಸ್ವಲ್ಪ ಬಿಟ್ಟಿತೆಂದು ಸರ್ವಮಂಗಳಾ ಅವನನ್ನು ಎತ್ತಿಕೊಂಡು, ಕರು ತೋರಿಸಲೆಂದು ಕಣ ದಾಟಿ ಹೊರಟಳು. ಕಾಫಿ ಒಣಗಿಸುವ ಸಿಮೆಂಟಿನ ಕಣ ಅದು, ಮಳೆಗಾಲದಲ್ಲಿ ಮೇಲೆಲ್ಲ ಪಾಚಿ. ಕಾಲು ಜಾರಿತು. ಬೀಳುತ್ತಿದ್ದೇನೆ ಎಂದು ಗೊತ್ತಾದ ಗಳಿಗೆಯಲ್ಲೇ ಮಗುವನ್ನು ಎದೆಗೆ ಒತ್ತಿಕೊಂಡು ಮೈ ತಿರುಚಿದಳು. ಇಬ್ಬರ ಭಾರವೂ ಅವಳ ಬೆನ್ನಿನ ಮೇಲೆ ಬಿತ್ತು.

ಮಗು ಹೆದರಿ ಕಿರುಚಿಕೊಂಡಿತು. ಒಳಗಿದ್ದವರೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿ ಬಂದರು. ಮಗುವನ್ನು ಅವಳ ಕೈಯಿಂದ ಕಿತ್ತುಕೊಂಡರು, ತಲೆ ಸವರಿದರು, ಕೈಕಾಲು ಮಡಿಸಿ ನೋಡಿದರು, ಹಣೆಗೆ ವಿಭೂತಿ ಇಟ್ಟರು, ದೃಷ್ಟಿ ತೆಗೆದರು. "ಶಿವ ದೊಡ್ಡೋನು, ಮಗೂಗೆ ಏನೂ ಆಗ್ಲಿಲ್ಲ" ಎಂದು ಎಲ್ಲರೂ ಉಸಿರು ಬಿಟ್ಟರು. ಎಲ್ಲರೂ ಮಗುವಿನ ಹಿಂದೆ ಒಳಗೆ ಹೋದರು. ಪಾಚಿಯ ಮೇಲೆ ಬಿದ್ದಿದ್ದವಳು ಕೈಯೂರಿ ತಾನೇ ಎದ್ದು, ಸೀರೆಗೆ ಮೆತ್ತಿದ್ದನ್ನು ಒರೆಸಿಕೊಂಡು, ಅಡುಗೆಮನೆಗೆ ಹೋಗಿ ಅಷ್ಟೂ ಜನಕ್ಕೆ ಕಾಫಿ ಮಾಡಿದಳು. ಕಾಫಿ ಚೆನ್ನಾಗಿದೆ ಎಂದರು.

ಮೊದಮೊದಲು ಎಣ್ಣೆ ತಿಕ್ಕಿದ್ದಾಯಿತು. ಬೆಲ್ಟು ಕಟ್ಟಿದ್ದಾಯಿತು. ಮಂಗಳೂರಿನಲ್ಲಿ ಬೆನ್ನಿಗೆ ಕರೆಂಟಿನ ಶಾಖ ಕೊಡಿಸಿದ್ದಾಯಿತು, ಮನೆಯ ಮಂಚ ತೆಗೆದು ನೆಲಕ್ಕೆ ಮಲಗಿದ್ದಾಯಿತು, ನೆಲ ಬಿಟ್ಟು ಮತ್ತೆ ಮಂಚಕ್ಕೆ ಬಂದದ್ದೂ ಆಯಿತು. ಕೆಲವು ದಿನ ನೋವು ದೂರದಲ್ಲಿ ಕೂತಿರುತ್ತಿತ್ತು. ಕೆಲವು ದಿನ ಹಲ್ಲುಜ್ಜುವಾಗಲೇ ಬಂದು ಮೈಮೇಲೆ ಬೀಳುತ್ತಿತ್ತು. ಯಾವಾಗ ಯಾಕೆ ಎಂದು ತಿಳಿಯುತ್ತಿರಲಿಲ್ಲ. ಒಂದು ಮಾತ್ರ ಅವಳು ಗಮನಿಸಿದ್ದಳು: ಯಾರಾದರೂ ಮಗುವನ್ನು ಎತ್ತಿಕೊಂಡು ಎದುರಿಗೆ ಬಂದರೆ ಸಾಕು, ಬೆನ್ನು ತಾನಾಗಿ ಸೆಟೆದುಕೊಳ್ಳುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ. ಈಗಾಗಲೇ ಹೇಳಿದ್ದನ್ನೇ ಯಾರೂ ನಂಬುತ್ತಿರಲಿಲ್ಲ, ಇನ್ನು ಇದನ್ನು ನಂಬುತ್ತಾರೆಯೇ!

ರಿಪೋರ್ಟು ಬಂದ ಸ್ವಲ್ಪ ದಿನಕ್ಕೇ ಮಗಳು ನಾಗಶ್ರೀ ಬಸುರಿ ಎಂಬ ಸುದ್ದಿ ಬಂತು.

ಒಬ್ಬಳೇ ಮಗಳು. ಕಳಸದಲ್ಲಿ ಶಾಲೆಯ ಟೀಚರು. ಗಂಡ ಜಯಪ್ರಕಾಶ್‌ಗೆ ಅಲ್ಲೇ ಮೆಡಿಕಲ್ ಶಾಪು. ಸುದ್ದಿ ಕೇಳಿ ಸರ್ವಮಂಗಳಾ ದೇವರ ಮುಂದೆ ದೀಪ ಹಚ್ಚಿದಳು, ಮಲ್ಲೇಶ್ ಮತ್ತೆ ಮೈಸೂರ್‌ಪಾಕ್ ತಂದ. ಆದರೆ ದೀಪ ಹಚ್ಚುವಾಗಲೇ ಅವಳಿಗೆ ಬಾಣಂತನದ ನೆನಪಾಗಿತ್ತು. ಮೊದಲ ಬಾಣಂತನ ತವರಿನದು. ಅದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ಅದು ಹಾಗೇ. ಹಂಡೆಗೆ ಬೆಂಕಿ ಹಾಕಬೇಕು, ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯಬೇಕು. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬೋರಲು ಹಾಕಿ ಅಂಗಾತ ತಿರುಗಿಸಿ ಮೀಯಿಸಬೇಕು. ಒದ್ದೆ ಮಗು, ಎಣ್ಣೆಯ ಕೈ, ಜಾರುವ ನೆಲ. ನೆನೆಸಿಕೊಂಡಳು ಅಷ್ಟೆ, ಬೆನ್ನಿನ ಎಡಗಡೆ ಬೆಂಕಿ ಬಿತ್ತು.

ಕಡೆಗೆ ಫೋನಿನಲ್ಲಿ ಮಗಳಿಗೆ ಹೇಳಿದಳು. "ನಂಗೆ ಬಾಣಂತನ ಆಗಲ್ಲ ಕಣೇ. ಬೆನ್ನು ತಡೆಯಲ್ಲ."

"ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರಲ್ಲಮ್ಮ?"

"ಅವ್ರು ಅಂತಾರೆ."

"ಸರಿ. ಅತ್ತೇನೇ ಮಾಡ್ತಾರೆ ಬಿಡು. ನೀನು ರೆಸ್ಟ್ ತಗೋ."

ರೆಸ್ಟ್ ತಗೋ ಎಂದಳು ಮಗಳು, ಅಷ್ಟೇ. ಸರ್ವಮಂಗಳಾ ಫೋನು ಕೆಳಗಿಟ್ಟು ಹೊತ್ತು ಮುಳುಗುವ ತನಕ ಹೊಸ್ತಿಲ ಮೇಲೆ ಕೂತಿದ್ದಳು. ಬೀಳಿಸಿಬಿಡುತ್ತೇನೆ ಎಂಬ ಹೆದರಿಕೆ ಕಣೇ, ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೆನ್ನು ಮಾತ್ರ.

ಜನವರಿಯಲ್ಲಿ ಮಗಳಿಗೆ ಹೂ ಮುಡಿಸುವ ಶಾಸ್ತ್ರ ತೋಟದ ಮನೆಯಲ್ಲೇ ಆಯಿತು. ಅಷ್ಟನ್ನಾದರೂ ಮಾಡಿಕೊಡುತ್ತೇನೆ ಎಂದು ಸರ್ವಮಂಗಳಾ ಹಟ ಹಿಡಿದಿದ್ದಳು. ಹಸಿರು ಸೀರೆ, ಕೈತುಂಬ ಬಳೆ, ಮಲ್ಲಿಗೆಯ ಮೊಗ್ಗಿನ ಜಡೆ. ನಾಗಶ್ರೀ ಮಣೆಯ ಮೇಲೆ ಕೂತಿದ್ದರೆ ನೋಡುವವರ ಕಣ್ಣು ತಂಪಾಗುವಂತಿತ್ತು. ಊಟ ಮುಗಿದು, ನೆಂಟರನ್ನು ಬಸ್ಸಿಗೆ ಬಿಟ್ಟು ಬರುತ್ತೇವೆಂದು ಮಲ್ಲೇಶನೂ ಅಳಿಯನೂ ಜೀಪು ಹತ್ತಿ ಮೂಡಿಗೆರೆಗೆ ಹೋದರು. ಶಾಸ್ತ್ರದ ದಿನವೆಂದು ಆಳುಗಳಿಗೆ ರಜೆ. ಮನೆಯಲ್ಲಿ ಉಳಿದದ್ದು ಮಗಳು, ಮಗಳ ಅತ್ತೆ, ಸರ್ವಮಂಗಳಾ, ಕಣ ಕಾಯುವ ಮುದುಕ ಲಕ್ಕಯ್ಯ.

ಮಳೆ ಬಂದದ್ದು ಆಗಲೇ! ಜನವರಿಯಲ್ಲಿ ಮಳೆಗೇನು ಕೆಲಸ ಇಲ್ಲಿ? ಈಚೀಚೆಗೆ ಅದಕ್ಕೂ ಹೊತ್ತುಗೊತ್ತಿಲ್ಲ. ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು, ಸಿಪ್ಪೆ ಸುಲಿದು ತೊಳೆದು ದಿನವೂ ಗೋರಿ ಗೋರಿ ಗಲಗಲ ಅನ್ನುವಷ್ಟು ಒಣಗಿಸಿದ ಕಾಫಿ. ನಾಳೆ ಮೂಟೆ ಕಟ್ಟುವುದಿತ್ತು. ನೆನೆದರೆ ಮುಗ್ಗಲು ವಾಸನೆ, ಒಂದು ವರ್ಷದ ದುಡಿಮೆ ಮಣ್ಣುಪಾಲು. ಗುಡ್ಡದ ಮೇಲಿನ ಕಪ್ಪು ಈ ಕಡೆಗೇ ಇಳಿಯುತ್ತಿರುವುದನ್ನು ಲಕ್ಕಯ್ಯ ನೋಡಿ, "ಅಮ್ಮೋರೇ, ಮಳೆ!" ಎಂದು ಕೂಗಿದ್ದೇ ತಡ, ಸರ್ವಮಂಗಳಾ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಣಕ್ಕೆ ಹಾರಿದಳು.

ಆಮೇಲೆ ನಡೆದದ್ದು ಅವಳಿಗೇ ಸರಿಯಾಗಿ ನೆನಪಿಲ್ಲ. ಮರದ ಹಲಗೆಯಲ್ಲಿ ಗೋರಿ ರಾಶಿ ಮಾಡಿದಳು, ಚೀಲದ ಬಾಯಿ ಹಿಡಿದಳು, ಕುಕ್ಕೆಯಲ್ಲಿ ತುಂಬಿದಳು. ತುಂಬಿದ ಚೀಲವನ್ನು ಆ ತುದಿ ಲಕ್ಕಯ್ಯ, ಈ ತುದಿ ತಾನು ಹಿಡಿದು ಎತ್ತಿ ಗೋಡೌನಿನ ಜಗಲಿಗೆ ಹಾಕಿದರು. ಎಷ್ಟು ಚೀಲವೋ! ಉಳಿದ ರಾಶಿಯ ಮೇಲೆ ಟಾರ್ಪಲ್ ಎಳೆದು ಅಂಚಿಗೆ ಕಲ್ಲು ಹೇರುವುದಕ್ಕೂ ಮಳೆ ದಬದಬ ಸುರಿಯುವುದಕ್ಕೂ ಸರಿಹೋಯಿತು. ಒದ್ದೆಮುದ್ದೆಯಾಗಿ ಜಗಲಿಯಲ್ಲಿ ನಿಂತು ಸರ್ವಮಂಗಳಾ ನಕ್ಕಳು. "ಗೆದ್ವಿ ಲಕ್ಕಯ್ಯ!" ಎಂದಳು. ಬೆನ್ನು ಎಂಬುದೊಂದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ತಿರುಗಿ ನೋಡಿದರೆ ಮನೆಯ ಮೆಟ್ಟಿಲ ಮೇಲೆ ಹಸಿರು ಸೀರೆಯ ಮಗಳು, ಪಕ್ಕದಲ್ಲಿ ಬೀಗಿತ್ತಿ. ಎಲ್ಲವನ್ನೂ ನೋಡುತ್ತ ನಿಂತಿದ್ದರು.

"ಪರವಾಗಿಲ್ಲ ಬೀಗರೇ, ಬೆನ್ನು ಗಟ್ಟಿ ಇದೆ ನಿಮ್ದು" ಎಂದರು ಬೀಗಿತ್ತಿ, ನಗುನಗುತ್ತಲೇ.

ನಾಗಶ್ರೀ ನಗಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಶಾಲೆಯಲ್ಲಿ ಮಕ್ಕಳನ್ನು ಕೇಳುವ ಸಣ್ಣ ದನಿಯಲ್ಲಿ ಕೇಳಿದಳು. "ಕಾಫಿಗಾದ್ರೆ ಬೆನ್ನು ಬರ್ತದೆ. ನಂಗೆ ಬರಲ್ವಾ ಅಮ್ಮಾ?"

ಸರ್ವಮಂಗಳಾ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ನೀರು ಹಿಂಡಿದಳು. ಕಣ್ಣಾರೆ ಕಂಡವರಿಗೆ ಏನು ಹೇಳಿದರೂ ಸುಳ್ಳೇ. ಸಂಜೆ ಕಾರು ಹತ್ತುವಾಗ ಮಗಳು ಕಾಲಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ.

ನೋವು ಮಾರನೇ ಬೆಳಿಗ್ಗೆ ಬಂತು. ಬಂತು ಎಂದರೆ, ಹಿಂದೆಂದೂ ಬಾರದ ಹಾಗೆ ಬಂತು. ಮಗ್ಗುಲು ಬದಲಿಸಲು ಮಂಚದ ಪಟ್ಟಿ ಹಿಡಿಯಬೇಕಾಯಿತು. ಮಲ್ಲೇಶ್ ಬಿಸಿನೀರಿನ ಚೀಲ ತಂದುಕೊಟ್ಟ, ಗಂಜಿ ಮಾಡಿಸಿಕೊಟ್ಟ, ಆದರೆ ಬಾಯಿ ಬಿಡಲಿಲ್ಲ. ಅವನು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನ ಸುಮ್ಮನಿರುವಿಕೆಯಲ್ಲಿ ಆ ಮೂಟೆಗಳೆಲ್ಲ ಇದ್ದವು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು: ಅವಳಿಗೇ ಅವಳ ಮೇಲೆ ಅನುಮಾನ ಹುಟ್ಟಿತು. ಅಷ್ಟು ಹೊತ್ತು ಇಲ್ಲದ ನೋವು ಈಗ ಎಲ್ಲಿಂದ ಬಂತು? ನಾನು ನಾಟಕ ಮಾಡುತ್ತಿದ್ದೇನೆಯೇ? ನನಗೇ ಗೊತ್ತಿಲ್ಲದ ಹಾಗೆ? ಮಲಗಿದಲ್ಲೇ ಮೇಲಿನ ಹಂಚು ನೋಡುತ್ತ ಇದನ್ನೇ ಕೇಳಿಕೊಂಡಳು. ಸಾಕಾಗಿಹೋಗಿತ್ತು ಅವಳಿಗೆ. ನೋವಿಗಿಂತ ಹೆಚ್ಚಾಗಿ, ಅದಕ್ಕೆ ಸಾಕ್ಷಿ ಹುಡುಕಿ ಹುಡುಕಿ ಸಾಕಾಗಿತ್ತು.

ಫೆಬ್ರವರಿಯಲ್ಲಿ ಯಾರೋ ಹೇಳಿದರೆಂದು ಚಿಕ್ಕಮಗಳೂರಿನಲ್ಲಿ ನೋವಿನ ಡಾಕ್ಟರ್ ಒಬ್ಬರ ಹತ್ತಿರ ಹೋದಳು. ದಿವ್ಯಾ ಎಂದು ಹೆಸರು, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹಳೆಯ ರಿಪೋರ್ಟುಗಳನ್ನು ನೋಡಿ ಪಕ್ಕಕ್ಕಿಟ್ಟು, "ಹೇಳಿ ಅಮ್ಮಾ, ಮೊದಲ ದಿನದಿಂದ" ಎಂದರು. ಸರ್ವಮಂಗಳಾ ಪಾಚಿಯಿಂದ ಶುರುಮಾಡಿ ಮೂಟೆಗಳ ತನಕ ಹೇಳಿದಳು. ಮಕ್ಕಳನ್ನು ಕಂಡರೆ ಬೆನ್ನು ಸೆಟೆಯುವುದನ್ನೂ ಹೇಳಿದಳು. ಹೇಳಿ, ನಗುತ್ತಾರೇನೋ ಎಂದು ಮುಖ ನೋಡಿದಳು. ಡಾಕ್ಟರು ನಗಲಿಲ್ಲ.

"ನಿಮ್ಮ ಕಡೆ ಆನೆ ಬರ್ತವಾ ಅಮ್ಮಾ?"

"ಬರ್ದೇ ಏನು! ಹೋದ್ ವರ್ಷ ಅಂಗಳಕ್ಕೇ ಬಂದಿತ್ತು."

"ನಾಯಿ ಸಾಕಿದೀರಾ?"

"ಇದೆ."

"ಆನೆ ಬಂದು ಹೋದ್ಮೇಲೆ ನಾಯಿ ಹೇಗಿತ್ತು?"

ಸರ್ವಮಂಗಳೆಗೆ ನೆನಪಾಯಿತು. ಆನೆ ಹೋಗಿ ಎಷ್ಟೋ ದಿನ ಆದಮೇಲೂ ಬಾಳೆಲೆ ಅಲ್ಲಾಡಿದರೆ ಬೊಗಳುತ್ತಿತ್ತು. ತೆಂಗಿನ ಗರಿ ಬಿದ್ದರೂ ಬೊಗಳುತ್ತಿತ್ತು. ಮನೆಯವರೆಲ್ಲ ಬೈದಿದ್ದರು.

"ನಿಮ್ಮ ಮೆದುಳು ಈಗ ಆ ನಾಯಿ ಥರ ಇದೆ" ಎಂದರು ಡಾಕ್ಟರು. "ಅವತ್ತು ಮಗು ಜೊತೆ ಬಿದ್ರಲ್ಲ, ಮಗು ಎತ್ತೋದು ದೊಡ್ಡ ಅಪಾಯ ಅಂತ ಅದು ಕಲಿತುಬಿಟ್ಟಿದೆ. ಬೆನ್ನು ವಾಸಿಯಾಗಿದೆ, ಕಾವಲು ಇಳಿದಿಲ್ಲ. ಹೆದರಿಕೆ, ಬೇಜಾರು, ಯಾರೂ ನಂಬಲ್ಲ ಅನ್ನೋ ಸಂಕಟ, ಇದೆಲ್ಲ ಸೇರಿದ್ರೆ ಇನ್ನೂ ಜೋರಾಗಿ ಬೊಗಳ್ತದೆ. ಆನೆ ಇಲ್ಲ, ನಿಜ. ಹಾಗಂತ ಬೊಗಳೋದು ಸುಳ್ಳಾ? ಕಿವಿಗೆ ಬಡಿಯೋದು ನಿಮಗೆ ತಾನೇ?"

"ಹಾಗಾದ್ರೆ ಮಳೆ ದಿನ?"

"ಕಾಫಿ ನೆನೆಯೋದು ಅದಕ್ಕಿಂತ ದೊಡ್ಡ ಗಾಬರಿ ಆಯ್ತಲ್ಲ. ಬೊಗಳೋಕೆ ಪುರುಸೊತ್ತು ಸಿಗಲಿಲ್ಲ. ನೀವು ನಾಟಕ ಮಾಡಿಲ್ಲ ಅಮ್ಮಾ. ಆಗ ನೋವು ಇರ್ಲಿಲ್ಲ, ಅದೂ ನಿಜ. ಆಮೇಲೆ ಬಂತು, ಅದೂ ನಿಜ."

ಅಲ್ಲಿ ಸರ್ವಮಂಗಳಾ ಎರಡನೇ ಸಲ ಅತ್ತಳು. ಡಾಕ್ಟರು ಸಣ್ಣ ಪೆಟ್ಟಿಗೆಯಿಂದ ಕಾಗದದ ಕರವಸ್ತ್ರ ತೆಗೆದುಕೊಟ್ಟು, ಇದಕ್ಕೆ ಒಂದೇ ದಿನದ ಮದ್ದಿಲ್ಲ ಎಂದರು. ನಾಯಿಗೆ ಹೊಡೆದರೆ ಇನ್ನೂ ಬೊಗಳುತ್ತದೆ. ಹೆದರುವ ಕೆಲಸವನ್ನೇ ಚೂರುಚೂರು ಮಾಡಿ, ಏನೂ ಆಗಲಿಲ್ಲ ಎಂದು ದಿನಾ ತೋರಿಸಿಕೊಡಬೇಕು ಎಂದರು.

ಹಗುರಾದ ಮನಸ್ಸಿನಿಂದ ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಒಪ್ಪಿಸಿದಳು. ಮಲ್ಲೇಶ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಅಂದ್ರೆ, ಬೆನ್ನಿಂದಲ್ಲ, ಮಂಡೇದು ಅಂತಾಯ್ತಲ್ಲ" ಎಂದ.

ಅಯ್ಯೋ ಶಿವನೇ, ಎಂದು ಅವಳು ಎದ್ದು ಒಳಗೆ ಹೋದಳು. ಮಗಳಿಗೂ ಫೋನು ಮಾಡಿ, ಕಣದಲ್ಲಿ ಬಿದ್ದ ಕತೆ ತೆಗೆಯದೆ, ನಾಯಿಯ ಮಾತಷ್ಟನ್ನೇ ಹೇಳಿದಳು. ನಾಗಶ್ರೀ ಕೊನೆಯವರೆಗೂ "ಹೂಂ, ಹೂಂ" ಎಂದು ಕೇಳಿ, "ಸರಿ ಅಮ್ಮ, ಹುಷಾರು" ಎಂದು ಇಟ್ಟಳು. ನಾಯಿಯ ಮಾತು ಡಾಕ್ಟರ ಬಾಯಲ್ಲಿ ಎಷ್ಟು ಸರಿಯಾಗಿತ್ತು. ತನ್ನ ಬಾಯಲ್ಲಿ ಬರೀ ನೆಪದ ಹಾಗೆ ಕೇಳಿಸಿತು.

ಆದರೂ ಬಿಡಲಿಲ್ಲ ನೋಡಿ. ಒಂದು ಬೆಳಿಗ್ಗೆ ಸಣ್ಣ ಚೀಲವೊಂದಕ್ಕೆ ಎರಡು ಹಿಡಿ ಕಾಫಿ ಬೀಜ ತುಂಬಿ ಬಾಯಿ ಹೊಲಿದಳು. ಬಚ್ಚಲಿಗೆ ಹೋಗಿ, ಕಾಲು ನೀಡಿ ಕೂತು, ಆ ಚೀಲವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬೆನ್ನು ಚುರ್ರೆಂದಿತು. "ಬೊಗಳು, ಬೊಗಳು" ಎಂದುಕೊಂಡು ಹಾಗೇ ಕೂತಳು. ಚೀಲವನ್ನು ಬೋರಲು ಹಾಕಿದಳು, ಅಂಗಾತ ತಿರುಗಿಸಿದಳು. ಕೆಲವು ದಿನವಾದ ಮೇಲೆ ಇನ್ನೆರಡು ಹಿಡಿ ಬೀಜ. ಒಮ್ಮೊಮ್ಮೆ ಸುಲಭವಾಗುತ್ತಿತ್ತು, ಒಮ್ಮೊಮ್ಮೆ ಗೋಡೆ ಹಿಡಿದು ಎದ್ದು ಬರುತ್ತಿದ್ದಳು. ಚೀಲ ಕೂಸಿನಷ್ಟು ತೂಕಕ್ಕೆ ಬಂದಾಗ ಮಲ್ಲೇಶ್ ಹಲ್ಲುಜ್ಜಲು ಬಂದವನು ಬಾಗಿಲಲ್ಲಿ ನಿಂತು ನೋಡಿದ.

"ಎಂತ ಮಾಡ್ತಿದೀಯೇ?"

"ಕಾಣಲ್ವಾ? ಮಗೂಗೆ ನೀರು ಹಾಕ್ತಿದೀನಿ."

ಅವನು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಮುಂಬಾಗಿಲ ಕಡೆಗೆ ಹೋದ. ಬರದೇ ಇರುವ ಮಗುವಿಗೆ, ಕೇಳದೇ ಇರುವ ಮಗಳಿಗೆ, ಬಚ್ಚಲಲ್ಲಿ ಕೂತು ಬಾಣಂತನ ಮಾಡುವವಳಿಗೆ ಏನು ಹೇಳುವುದು ಅವನಾದರೂ?

ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ವಾರದಲ್ಲಿ ನಾಗಶ್ರೀಗೆ ಹೆಣ್ಣುಮಗು ಆಯಿತು. ಹೊಟ್ಟೆ ಕೊಯ್ದು ತೆಗೆದರು. ಆಸ್ಪತ್ರೆಯಲ್ಲಿ ಎಲ್ಲರೂ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾಗ ಸರ್ವಮಂಗಳಾ ಗೋಡೆಗೆ ಒರಗಿ ನಿಂತಿದ್ದಳು. ಚೀಲ ಬೇರೆ, ಕೂಸು ಬೇರೆ. "ಅಜ್ಜಿಗೆ ಕೊಡ್ರೋ" ಎಂದು ಯಾರೋ ಅಂದಾಗ ಬೆನ್ನು ಸೆಟೆಯಿತು, ಕೈ ಮುಂದೆ ಬರಲಿಲ್ಲ. ಮಂಚದ ಮೇಲಿಂದ ನಾಗಶ್ರೀ ಅದನ್ನು ನೋಡಿ ಆ ಕಡೆ ಮುಖ ತಿರುಗಿಸಿದಳು. ನಾಮಕರಣದಲ್ಲೂ ಹಾಗೇ ಆಯಿತು. ಬಾಣಂತನ ಕಳಸದಲ್ಲೇ ನಡೆಯಿತು.

ಮುಂಗಾರು ಹಿಡಿಯುವ ಹೊತ್ತಿಗೆ ಒಂದು ದಿನ ಬೀಗಿತ್ತಿಯ ಫೋನು ಬಂತು. ಮಗು ಚೆನ್ನಾಗಿದೆ, ಹಾಲು ಕುಡಿಯುತ್ತದೆ ಎಂದೆಲ್ಲ ಹೇಳಿ, ಕಡೆಗೆ ದನಿ ತಗ್ಗಿಸಿದರು.

"ಬೇಜಾರು ಮಾಡ್ಕೋಬೇಡಿ ಬೀಗರೇ. ಗಾಯ ಒಣಗಿ ಎಷ್ಟೋ ದಿನ ಆಯ್ತು. ಡಾಕ್ಟ್ರಿಗೆ ತೋರ್ಸಿದ್ವಿ, ಎಲ್ಲ ಸರಿ ಇದೆ, ಏನೂ ಇಲ್ಲ ಅಂದ್ರು. ಇವ್ಳು ಮಾತ್ರ ನೋವು ನೋವು ಅಂತ ಮಲಗ್ತಾಳೆ. ಥೇಟ್ ನಿಮ್ ಹಾಗೇ ನೋಡಿ."

ಸರ್ವಮಂಗಳಾ ಒಲೆ ಆರಿಸಿದಳು. ಬ್ಯಾಗಿಗೆ ಎರಡು ಸೀರೆ ತುರುಕಿ, ಲಕ್ಕಯ್ಯನಿಗೆ ಮನೆ ನೋಡಿಕೋ ಎಂದು ಹೇಳಿ, ಗಂಡನ ಅಂಗಡಿಗೂ ಹೋಗದೆ ಕಳಸದ ಬಸ್ಸು ಹತ್ತಿದಳು. ಕೊಟ್ಟಿಗೆಹಾರ ದಾಟಿದ ಮೇಲೆ ರಸ್ತೆ ಎಂದರೆ ಬರೀ ತಿರುವು. ಒಂದೊಂದು ತಿರುವಿಗೂ ಬೆನ್ನು ಕೂಗಿತು. ಕೂಗಿಕೋ ಎಂದಳು. ಬೀಗಿತ್ತಿಯ ಮಾತು ಎಬ್ಬಿಸಿದ ಸಿಟ್ಟಿನ ಮುಂದೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ.

ನಾಗಶ್ರೀ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ ಮಗು ಎಚ್ಚರವಾಗಿ ಕೈಕಾಲು ಆಡಿಸುತ್ತಿತ್ತು. ಅಮ್ಮನನ್ನು ಕಂಡು ಎದ್ದು ಕೂರಲು ಹೋಗಿ, ತುಟಿ ಕಚ್ಚಿ, ಅರ್ಧಕ್ಕೇ ನಿಂತಳು. ಆ ನಿಲ್ಲುವಿಕೆ ಸರ್ವಮಂಗಳೆಗೆ ಗೊತ್ತು. ಇನ್ನೊಂದು ಇಂಚು ಅಲ್ಲಾಡಿದರೆ ಏನಾಗುತ್ತದೋ ಎಂದು ಉಸಿರು ಹಿಡಿದು ನಿಲ್ಲುವುದು. ಮಂಚದ ಅಂಚಿನಲ್ಲಿ ಕೂತು ಮಗಳ ಭುಜದ ಮೇಲೆ ಕೈ ಇಟ್ಟಳು.

"ಎಲ್ಲಿ ನೋಯ್ತದೆ ಹೇಳು ಪುಟ್ಟೀ."

"ಏನಿಲ್ಲಮ್ಮ. ಡಾಕ್ಟ್ರು ಏನೂ ಇಲ್ಲ ಅಂದಿದಾರೆ."

"ಡಾಕ್ಟ್ರು ಅಂದಿದ್ದು ನಾ ಕೇಳ್ಲಿಲ್ಲ. ನಿಂಗೆ ಎಲ್ಲಿ ನೋಯ್ತದೆ?"

ನಾಗಶ್ರೀ ಅಮ್ಮನ ಮುಖ ನೋಡಿದಳು. ಆಮೇಲೆ ಹೊಟ್ಟೆಯ ಕೆಳಗೆ, ಬಲಗಡೆಗೆ ಕೈ ಇಟ್ಟಳು. "ಇಲ್ಲಿ. ಎಳೆದ ಹಾಗೆ. ಮಗು ಎತ್ತೋವಾಗ ಜಾಸ್ತಿ. ಒಂದೊಂದ್ಸಲ ಮಗು ಅತ್ರೇ ಸಾಕು, ಎತ್ತೋಕೆ ಮುಂಚೆನೇ ಶುರುವಾಗ್ತದೆ." "ನಾಟಕ ಅಂತಾರಮ್ಮ. ನಂಗೇ ಹಂಗೆ ಅನ್ಸೋಕೆ ಶುರುವಾಗಿದೆ."

"ನಾಟಕ ಅಲ್ಲ. ನಾಳೆ ಇನ್ನೊಬ್ರಿಗೆ ತೋರ್ಸಣ. ಅವ್ರೂ ಏನೂ ಇಲ್ಲ ಅಂದ್ರೆ, ಅಂದ್ಕೊಳ್ಳಿ. ನಿಂಗೆ ನೋವಿದೆ. ನಂಗೆ ಗೊತ್ತು."

ಮಗಳು ಅಮ್ಮನ ಮಡಿಲಿಗೆ ತಲೆ ಇಟ್ಟು ಅತ್ತಳು. ಬೇಕರಿಯ ಬೆಂಚಿನಲ್ಲಿ ತಾನು ಅತ್ತಂಥದೇ ಅಳು. ಸರ್ವಮಂಗಳಾ ತಲೆ ಸವರುತ್ತ ಕೂತಳು. ಅಳು ಮುಗಿಯುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಳು.

ಹೊರಗಿನಿಂದ ಬೀಗಿತ್ತಿ ಕೂಗಿದರು. ಹಂಡೆಯ ನೀರು ಕಾದಿದೆ, ಮಗುವನ್ನು ತನ್ನಿ ಎಂದು. ನಾಗಶ್ರೀ ಏಳಲು ಹೊರಟಳು. "ನೀ ಮಲಗು" ಎಂದಳು ಸರ್ವಮಂಗಳಾ. ಎಂದವಳು ಮಗುವಿನ ಮುಂದೆ ನಿಂತುಬಿಟ್ಟಳು. ಬೆನ್ನು ಸೆಟೆಯಿತು. ಕೂಸು ಅವಳನ್ನೇ ನೋಡುತ್ತಿತ್ತು. ಕತ್ತಿನ ಕೆಳಗೊಂದು ಕೈ, ಕುಂಡೆಯ ಕೆಳಗೊಂದು ಕೈ ಇಟ್ಟು, ಶಿವ ಶಿವ ಎಂದು ಎತ್ತಿದಳು. ನೋವು ಬಂತು. ಬಂದೇ ಬಂತು. ಮಗುವನ್ನು ಎದೆಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆಯಿಟ್ಟು ಬಚ್ಚಲಿಗೆ ಹೋದಳು.

ನಾಗಶ್ರೀ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದು ಬಚ್ಚಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಳು. ಅಮ್ಮ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬೋರಲು ಹಾಕಿ ಬೆನ್ನಿಗೆ ನೀರೆರೆದು, ಮತ್ತೆ ಅಂಗಾತ ತಿರುಗಿಸುವುದನ್ನು ನೋಡಿದಳು. ಎಲ್ಲಿ ಹೇಗೆ ಹಿಡಿಯಬೇಕೆಂದು ಆ ಕೈಗೆ ಗೊತ್ತಿತ್ತು, ದಿನಾ ಮಾಡಿದವರ ಹಾಗೆ. ಆದರೆ ಪ್ರತಿ ಸಲ ತಂಬಿಗೆಗೆ ಬಾಗಿದಾಗ ಅಮ್ಮ ಅರ್ಧಕ್ಕೇ ನಿಂತು ಉಸಿರು ಹಿಡಿಯುತ್ತಿದ್ದಳು. ಆ ನಿಲ್ಲುವಿಕೆ ಈಗ ನಾಗಶ್ರೀಗೂ ಗೊತ್ತಿತ್ತು.

"ಅಮ್ಮಾ" ಎಂದಳು. "ನಿಂಗೆ ಎಲ್ಲಿ ನೋಯೋದು?"

ತಂಬಿಗೆ ಹಿಡಿದ ಕೈ ನಿಂತಿತು. ಎಲ್ಲಿ ನೋಯುತ್ತದೆ ಎಂದು ಡಾಕ್ಟರುಗಳು ಕೇಳಿದ್ದರು, ಬರೆದುಕೊಳ್ಳುವುದಕ್ಕೆ. ಮನೆಯವರು ಯಾರೂ ಕೇಳಿರಲಿಲ್ಲ, ಇಷ್ಟು ವರ್ಷದಲ್ಲಿ ಒಂದು ಸಲವೂ. ಹೇಳಲು ಎಷ್ಟೆಲ್ಲ ಇದೆ ಎಂದುಕೊಂಡಿದ್ದಳು. ಈಗ ನೋಡಿದರೆ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ.

"ಎಡಗಡೆ" ಎಂದಳು. "ಅವತ್ತು ತನ್ಮಯ್‌ನ ಎತ್ಕೊಂಡು ಕಣದಲ್ಲಿ ಬಿದ್ನಲ್ಲ, ಅವತ್ತಿಂದ. ಮಗು ಎತ್ತಿದ್ರೆ ಬೀಳಿಸ್ಬಿಡ್ತೀನಿ ಅಂತ ಹೆದರಿಕೆ ಕಣೇ ನಂಗೆ. ಅದಕ್ಕೇ ಆಗಲ್ಲ ಅಂದಿದ್ದು."

ಅಮ್ಮ ಬಿದ್ದಾಗ ನಾಗಶ್ರೀ ಶಿವಮೊಗ್ಗದಲ್ಲಿ ಓದುತ್ತಿದ್ದಳು. ತನ್ಮಯ್ ಕಣದಲ್ಲಿ ಬಿದ್ದನೆಂದು ಮನೆಯಿಂದ ಫೋನು ಬಂದದ್ದು ಅವಳಿಗೆ ನೆನಪಿತ್ತು, ಎಲ್ಲರೂ ಹೇಳಿದ ಆ ಒಂದೇ ಮಾತೂ ನೆನಪಿತ್ತು.

"ಮಗೂಗೆ ಏನೂ ಆಗ್ಲಿಲ್ಲ ಅಂದಿದ್ರು" ಎಂದಳು. "ನೀನೂ ಬಿದ್ದಿದ್ದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲಮ್ಮ."

ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡೇ, ಅಮ್ಮನ ಕೈಯಿಂದ ತಂಬಿಗೆ ಇಸಿದುಕೊಂಡಳು. "ನೀ ಬಾಗ್ಬೇಡ. ಮಗೂನ ಹಿಡ್ಕೋ, ನೀರು ನಾ ಹಾಕ್ತೀನಿ" ಎಂದಳು.